ದೇವರ ಜಗಲಿ, ಹಿರಿಯರ ಗೋಡೆ

ಹಾವೇರಿ ಬಸ್ಸು ಬಂದು ನಿಂತಿತು, ಮಂದಿ ನೂಕಾಡಿ ಹತ್ತಿದರು, ಬಸ್ಸು ಹೊರಟೂ ಹೋಯಿತು. ಭುವನಾ ಕಂಬದ ಪಕ್ಕ ನಿಂತವಳು ನಿಂತೇ ಇದ್ದಳು. ದಿನಾ ಇದೇ ಬಸ್ಸಿಗೆ ಓಡಿಬರುವ ಬಿ.ಎಡ್. ಕಾಲೇಜಿನ ಹುಡುಗಿ ಇವತ್ತು ಅದನ್ನು ಕಣ್ಣೆದುರಿಗೇ ಬಿಟ್ಟುಕೊಟ್ಟದ್ದನ್ನು ನೋಡಿ ಬ್ಯಾಡಗಿ ಸ್ಟ್ಯಾಂಡಿನ ಕಂಟ್ರೋಲರು ಗುಡದಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಕವಾ, ಇವತ್ತ ಕಾಲೇಜ ಸೂಟಿ ಏನು?" ಎಂದ. "ಇಲ್ರಿ, ರಾಣೇಬೆನ್ನೂರಿಗೆ ಹೊಂಟೇನಿ. ವೈನೀನ ಕರಕೊಂಡ ಬರಾಕ," ಎಂದಳು. ಬಾಯಿಂದ ಬಂದ ಮೇಲೆಯೇ ಅದು ಅವಳಿಗೂ ನಿಶ್ಚಯವಾದದ್ದು. ಅಲ್ಲಿಯವರೆಗೆ ಎರಡೂ ಬಸ್ಸು ಬಿಟ್ಟು ಮನೆಗೆ ವಾಪಸು ಹೋಗಿ ಚಾದರ ಹೊದ್ದು ಮಲಗುವ ಮೂರನೆಯ ಯೋಚನೆಯೂ ಇತ್ತು. ಹಾಗಂತ ಹೆಗಲ ಚೀಲದಲ್ಲಿ ಪಾಠಯೋಜನೆಯ ಹಾಳೆಗಳಿರಲಿಲ್ಲ. ಅಣ್ಣನ ಹೆಂಡತಿ ಸುನಿತಾ ವೈನಿ ಬಿಟ್ಟುಹೋದ ಕರಿ ರಟ್ಟಿನ ಸತ್ಯವೇದ, ಕನ್ನಡ ಬೈಬಲ್ಲು, ಇತ್ತು. ಅಂದರೆ ಕೈಗೆ ಮುಂಜಾನೆಯೇ ಗೊತ್ತಾಗಿತ್ತು, ತಲೆಗೆ ತಡವಾಗಿ ಸುದ್ದಿ ಮುಟ್ಟಿತು.

ರಾಣೇಬೆನ್ನೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಪರಊರಿನ ವ್ಯಾಪಾರಿಯೊಬ್ಬ ಒಂದೇ ಸಮನೆ ಸೀನುತ್ತಿದ್ದ. ಮೆಣಸಿನಕಾಯಿ ಮಾರ್ಕೆಟ್ಟಿನ ಘಾಟು ಬ್ಯಾಡಗಿಯವರ ಮೂಗಿಗೆ ಹತ್ತುವುದಿಲ್ಲ, ಹೊರಗಿನವರನ್ನು ಬಿಡುವುದಿಲ್ಲ. ಸುನಿತಾ ಮದುವೆಯಾಗಿ ಬಂದ ಹೊಸತರಲ್ಲಿ ಹೀಗೆಯೇ ಸೀನಿ ಸೀನಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಿಮ್ಮೂರಾಗ ದೇವರಿಗರ ಸೀನ ಬರತಾವೋ ಇಲ್ಲೋ?" ಎಂದು ಕೇಳಿ ಅಜ್ಜಿಯನ್ನು ನಗಿಸಿದ್ದಳು. "ಬಂದ್ರ ಅವ ದೇವರು ಹೆಂಗಾದಾನ?" ಎಂದಿದ್ದಳು ಅಜ್ಜಿ. ಅಜ್ಜಿ ನೀಲಗಂಗವ್ವನ ಕಥೆಗಳಲ್ಲಿ ದೇವರ ಗುರುತುಗಳು ಪಕ್ಕಾ ಇದ್ದವು. ಕಂಬಳಿ ಹೊದ್ದ ಮುದುಕನಾಗಿ ಬಾಗಿಲಿಗೆ ಬಂದು ಮಜ್ಜಿಗೆ ಕೇಳಿದರೂ ಅವನಿಗೆ ನೆರಳು ಬೀಳುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಬೆವರು ಬರುವುದಿಲ್ಲ, ಪಾದಕ್ಕೆ ಮಣ್ಣು ಹತ್ತುವುದಿಲ್ಲ. ಕಥೆಯಲ್ಲಿ ಮಜ್ಜಿಗೆ ಕೊಡುವ ಸೊಸೆಗೆ ಇದ್ಯಾವುದೂ ಕಾಣುವುದಿಲ್ಲ. ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದ ಭುವನಾಳಿಗೆ ಮಾತ್ರ ಕಾಣುತ್ತಿತ್ತು, ಯಾಕೆಂದರೆ ಆ ಜಾಗ ಬಂದಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು. ಈಗ ವಾರದಿಂದ ಈ ಕರಿ ರಟ್ಟಿನ ಪುಸ್ತಕದಲ್ಲಿ ಅವಳು ಹುಡುಕುತ್ತಿದ್ದದ್ದೂ ಅದನ್ನೇ. ಎಲ್ಲಿ ದನಿ ತಗ್ಗುತ್ತದೆ?

ತಗ್ಗುತ್ತಿರಲಿಲ್ಲ. ಅಥವಾ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಗುರುತುಗಳನ್ನು ಒಂದೊಂದಾಗಿ ಹಚ್ಚಿ ನೋಡಿದರೆ ಎಲ್ಲವೂ ತಿರುಗಿ ಬೀಳುತ್ತಿದ್ದವು. ಈ ಯೇಸುವಿಗೆ ಹಸಿವಾಗುತ್ತದೆ. ನಡೆದು ನಡೆದು ದಣಿದು ಬಾವಿಯ ಕಟ್ಟೆಯ ಮೇಲೆ ಕುಂತು, ನೀರು ಸೇದಲು ಬಂದ ಹೆಂಗಸಿಗೆ ಕುಡಿಯಲು ನೀರು ಕೇಳುತ್ತಾನೆ. ಗೆಳೆಯ ಸತ್ತರೆ ಅಳುತ್ತಾನೆ. ಬೆವರುತ್ತಾನೆ, ಅದೂ ರಕ್ತದ ಹನಿಯಂಥ ಬೆವರು. ದೋಣಿಯಲ್ಲಿ ತಲೆದಿಂಬಿನ ಮೇಲೆ ತಲೆಯಿಟ್ಟು, ಅಂಥ ಬಿರುಗಾಳಿಯಲ್ಲಿ ನಿದ್ದೆ ಹೊಡೆಯುತ್ತಾನೆ. ಇವನು ದೇವರಲ್ಲ ಎಂದು ಅವಳು ಪುಸ್ತಕ ಮುಚ್ಚಬೇಕು ಎನ್ನುವಾಗಲೇ ಎದ್ದು ಕುಂತು ಗಾಳಿಯನ್ನು ಗದರಿಸುತ್ತಾನೆ, ಗಾಳಿ ನಿಲ್ಲುತ್ತದೆ. ದೋಣಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತ, ಇವನು ಯಾರಿದ್ದಾನು ಎಂದು ಕೇಳಿಕೊಳ್ಳುತ್ತಾರೆ. ಪುಸ್ತಕ ಉತ್ತರ ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ದೋಣಿ ಆಚೆ ದಡಕ್ಕೆ ಹೋಗಿರುತ್ತದೆ. ಆ ಪುಟವನ್ನು ಓದಿದ ದಿನ ಭುವನಾ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದ್ದಳು. ಕಥೆ ಹೇಳುವವನಿಗೆ ಗೊತ್ತಿದ್ದು ಹೇಳುತ್ತಿಲ್ಲವೋ, ಅಥವಾ ಅವನೂ ಆ ದೋಣಿಯಲ್ಲಿ ಕುಂತವರ ಹಾಗೆ ಕೇಳುತ್ತಲೇ ಇದ್ದಾನೋ?

ಮೋಟೆಬೆನ್ನೂರು ದಾಟಿ ಬಸ್ಸು ಹೆದ್ದಾರಿಗೆ ಬಿತ್ತು. ಕಿಟಕಿಯ ಗಾಜಿನಲ್ಲಿ ತನ್ನ ಮುಖ, ಅದರ ಹಿಂದೆ ಓಡುವ ಗೋವಿನಜೋಳದ ಹೊಲ. ಮುಖ ಒಂದೇ ಕಡೆ ನಿಂತಿತ್ತು, ಗಾಜಿನೊಳಗಿನ ಪಟದ ಹಾಗೆ. ಅವಳು ಕಣ್ಣು ತೆಗೆದಳು. ವೈನಿ ಮನೆ ಬಿಡುವಂಥ ತಪ್ಪು ತನ್ನಿಂದ ನಡೆದದ್ದು ಪ್ರೀತಿಯಿಂದ, ಅದೇ ನುಂಗಲಾರದ ತುತ್ತು. ಸಿಟ್ಟಿನಿಂದ ಮಾಡಿದ್ದಾದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಅಣ್ಣ ಕೊಟ್ರೇಶ ರಾಣೇಬೆನ್ನೂರಿನ ಸುನಿತಾಳನ್ನು ಹಾವೇರಿಯಲ್ಲಿ ರಿಜಿಸ್ಟರ್ ಮದುವೆಯಾಗಿ ಕರೆತಂದಾಗ ಕುಪ್ಪೇಲೂರಿನ ಹೊಲದಮನೆಯಲ್ಲಿರುವ ಅಪ್ಪ ಅವ್ವ ಮುಖ ತಿರುಗಿಸಿದ್ದರು, ಬ್ಯಾಡಗಿಯ ಮನೆಯ ಯಜಮಾನಿ ಅಜ್ಜಿ ಮಾತ್ರ, "ಕಿರಿಸ್ತಾನರ ಹುಡುಗಿ ಆದ್ರ ಏನಾತು, ಅಕಿಗೂ ಹಸಿವು ಆಕ್ಕೈತಿ. ಒಳಗ ಬಾ," ಎಂದಿದ್ದಳು. ಸುನಿತಾ ತಂದ ಟ್ರಂಕಿನ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಯೇಸುವಿನ ಪಟ. ತಿಂಗಳುಗಟ್ಟಲೆ ಅದು ಸೀರೆಯೊಳಗೇ ಇತ್ತು. ವೈನಿಯ ತಾಯಿ ಎಸ್ತೇರವ್ವ ಮೊದಲ ಸಲ ಮನೆಗೆ ಬರುವ ದಿನ ಭುವನಾ ಯಾರಿಗೂ ಹೇಳದೆ ಅದನ್ನು ತೆಗೆದಳು, ಗಾಜು ಒರೆಸಿದಳು.

ಅವರ ಮನೆಯಲ್ಲಿ ಪಟಕ್ಕೆ ಇರುವ ಜಾಗ ಎರಡೇ. ಅಡುಗೆಮನೆಯ ಪಕ್ಕದ ಕಲ್ಲುಕಟ್ಟೆ ಜಗಲಿ, ಅದು ದೇವರದು. ನಡುಮನೆಯ ಗೋಡೆ ತೀರಿಕೊಂಡ ಹಿರಿಯರದು. ಜಗಲಿಗೆ ದಿನಾ ಹೊಸ ಹೂವು. ಗೋಡೆಗೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಬಾಡದ ಗಂಧದ ಚಕ್ಕೆಯ ಹಾರ. ಬದುಕಿದ್ದವರನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಭುವನಾ ಪಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ್ದಳು. ಜಗಲಿಯ ದೇವರೆಲ್ಲ ನೆಟ್ಟಗೆ ನಮ್ಮನ್ನೇ ನೋಡುತ್ತಾರೆ. ಕದರಮಂಡಲಗಿಯ ಆಂಜನೇಯನ ಕಣ್ಣಂತೂ ಅಡುಗೆಮನೆಯವರೆಗೆ ಹಿಂಬಾಲಿಸುತ್ತದೆ. ಈ ಮನುಷ್ಯನ ಕೈಯಲ್ಲಿ ಆಯುಧವಿಲ್ಲ, ಪಕ್ಕದಲ್ಲಿ ವಾಹನವಿಲ್ಲ. ದೃಷ್ಟಿ ಮೇಲಕ್ಕೆ, ಸ್ವಲ್ಪ ಬದಿಗೆ. ಸ್ಟುಡಿಯೋದವನು ಅಲ್ಲಿ ನೋಡ್ರಿ ಎಂದು ಬೆರಳು ತೋರಿಸಿದಾಗ ಅಜ್ಜ ನೋಡಿದ ಹಾಗೆ. ಅಜ್ಜನ ಫೋಟೋದ ಪಕ್ಕ ಒಂದು ಮೊಳೆ ಖಾಲಿ ಇತ್ತು. ಅವಳು ಅಲ್ಲಿ ಹಾಕಿದಳು. ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಗಂಧದ ಹಾರ ತಂದು, ಅಜ್ಜನದಕ್ಕಿಂತ ದಪ್ಪನಾದದ್ದನ್ನೇ ಆರಿಸಿ, ಹಾಕಿ, ಹಿಂದೆ ಸರಿದು ನಿಂತು ನೋಡಿದಳು. ಎದೆ ತುಂಬಿ ಬಂದಿತ್ತು.

ಎಸ್ತೇರವ್ವ ಉಂಡಿಯ ಡಬ್ಬಿ ಹಿಡಿದು ಒಳಗೆ ಬಂದವಳು ಗೋಡೆ ನೋಡಿ ನಿಂತಳು. "ಇದೇನವಾ?" ಎಂದಳು. ಭುವನಾ ಹೆಮ್ಮೆಯಿಂದ, "ನಮ್ಮಜ್ಜನ ಬಾಜೂಕ ಹಾಕೇನ್ರಿ ಅತ್ತಿ. ನಮ್ಮ ಹಿರಿಯಾರ ಸಾಲಿನ್ಯಾಗ," ಎಂದಳು. ಎಸ್ತೇರವ್ವನ ಮುಖದಲ್ಲಿ ನಗು ಬರಲೋ ಬೇಡವೋ ಎಂದು ಬಂದು ಹೋಯಿತು. "ಅವ ಸತ್ತಿದ್ದ ಖರೆವಾ. ಆದ್ರ ಎದ್ದ ಬಂದಾನಲ್ಲ," ಎಂದಳು, ನೆರೆಮನೆಯವನೊಬ್ಬ ಊರಿನಿಂದ ವಾಪಸು ಬಂದ ಸುದ್ದಿಯನ್ನು ಹೇಳುವಷ್ಟು ಸಹಜವಾಗಿ. ಆಮೇಲೆ ಉಂಡಿಯ ಮಾತು, ಬಿಸಿಲಿನ ಮಾತು. ಸುನಿತಾ ಅಡುಗೆಮನೆಗೆ ಹೋದವಳು ಚಹಾ ತರಲು ಬಹಳ ಹೊತ್ತು ಮಾಡಿದಳು. ತಾಯಿ ಹೋದ ಮೇಲೆ ಆ ಪಟವನ್ನು ತಾನೇ ಕೆಳಗಿಳಿಸಿ ಮಂಚದ ಮೇಲಿಟ್ಟಳು, ಹಾರವನ್ನು ಮಡಿಸಿ ಭುವನಾಳ ಕೈಗೆ ಕೊಟ್ಟಳು, ಎರಡು ದಿನ ಬಿಟ್ಟು ತವರಿಗೆ ಹೋದಳು. ಹೋದವಳು ಬರಲಿಲ್ಲ. ಕೊಟ್ರೇಶ ಫೋನು ಮಾಡಿದರೆ, ಬರ್ತೀನಿ ಇರ್ರಿ, ಎಂದಷ್ಟೇ. ಇವತ್ತು ಮುಂಜಾನೆ ಅಣ್ಣ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ನೀ ಕಳಸೀದಿ, ನೀನ ಕರಕೊಂಡ ಬಾ," ಎಂದಿದ್ದ. ಅಣ್ಣ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಭುವನಾ ಕೇಳಿದ್ದೇ ಇಲ್ಲ. ವೈನಿ ಬರದೇ ಹೋದರೆ ಈ ಮೆಲ್ಲನೆಯ ದನಿಯೇ ಇನ್ನು ಆ ಮನೆಯ ದನಿ ಎಂದು ಅವಳಿಗೆ ಹೊಳೆದಿತ್ತು.

ಅದರ ಮೇಲೆ ಅಜ್ಜಿಯದೊಂದು. ಮನೆಗೆ ಸುಣ್ಣ ಹಚ್ಚಿಸಲು ಪಟಗಳನ್ನೆಲ್ಲ ಇಳಿಸಲಾಗಿತ್ತು. ನಿನ್ನೆ ಗಿರಿಯಪ್ಪ ಸುಣ್ಣದ ಕೆಲಸ ಮುಗಿಸಿ ಏಣಿ ಒಯ್ದಿದ್ದ. ಇವತ್ತು ದೀಪ ಹಚ್ಚುವುದರೊಳಗೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ವಾಪಸು ಹೋಗಬೇಕು. "ಇವಂದ ಹೇಳವಾ," ಎಂದಿದ್ದಳು ಅಜ್ಜಿ ಮಂಚದ ಮೇಲಿನ ಪಟ ತೋರಿಸಿ. "ನೀ ಓದಾಕತ್ತೀಯಲ್ಲ ವಾರದಿಂದ, ಊಟಾ ಬಿಟ್ಟ. ಅದರಾಗ ಏನಂತ ಬರದಾರ? ದೇವರಾದ್ರ ಜಗಲಿ. ಹಿರಿಯಾ ಆದ್ರ ಗ್ವಾಡಿ. ಸೊಸಿ ಬರೂದ್ರಾಗ ನನಗ ಗೊತ್ತಾಗಬೇಕು. ತಪ್ಪ ಜಾಗಾಕ ಹಾಕಿ ಅಕೀನ ಮತ್ತ ಅಳಸಾಕ ನಾ ತಯಾರಿಲ್ಲ."

ಎಷ್ಟು ನೆಟ್ಟಗಿನ ಪ್ರಶ್ನೆ. ಭುವನಾಳಿಗೆ ಪುಸ್ತಕದಲ್ಲಿ ಯೇಸುವಿನ ಕಥೆ ಹೇಳುವ ನಾಲ್ವರನ್ನು ಅಜ್ಜಿಯ ಮುಂದೆ ಸಾಲಾಗಿ ಕುಂದ್ರಿಸಬೇಕು ಎನಿಸಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಓಣಿಯ ಒಂದೇ ಜಗಳವನ್ನು ನಾಲ್ಕು ನಮೂನೆ ಹೇಳುತ್ತಾರಲ್ಲ, ಹಾಗೆ. ಮಾರ್ಕನೆಂಬವನಿಗೆ ಅವಸರ, ಉಸಿರು ತೆಗೆದುಕೊಳ್ಳುವುದಿಲ್ಲ. ಅವನ ಕಥೆಯಲ್ಲಿ ಯೇಸು ಯಾರೆಂದು ಮೊದಲು ಗುರುತು ಹಿಡಿಯುವುದು ಶಿಷ್ಯರಲ್ಲ, ದೆವ್ವಗಳು. ಮೈಮೇಲೆ ಬಂದ ದೆವ್ವ, ನೀ ಯಾರಂತ ನನಗ ಗೊತ್ತು, ಎಂದು ಕೂಗುತ್ತದೆ. ಇವನು, ಬಾಯಿ ಮುಚ್ಚು, ಎನ್ನುತ್ತಾನೆ. ಇದು ಅಜ್ಜಿಗೆ ಹಿಡಿಸುತ್ತದೆ. ಲೂಕನು ದನದ ಗ್ವಾದಲಿಯಿಂದ, ಹಸುಗೂಸಿನಿಂದ ಶುರು ಮಾಡುತ್ತಾನೆ. ಯೋಹಾನನಿಗೆ ಗ್ವಾದಲಿ ಸಾಲದು, ಭೂಮಿ ಆಕಾಶ ಹುಟ್ಟುವುದಕ್ಕೂ ಮೊದಲಿನಿಂದ ಶುರು. ಅಲ್ಲಿಯೇ ಇವನು ದೇವರ ಬಳಿ ಇದ್ದ, ದೇವರೇ ಆಗಿದ್ದ ಎಂದುಬಿಡುತ್ತಾನೆ. ಆಯಿತು, ಜಗಲಿ, ಎಂದು ಅಂದುಕೊಂಡರೆ ಅದೇ ಯೋಹಾನ ಮುಂದೆ ಅವನ ಬಾಯಿಂದಲೇ, ತಂದೆ ನನಗಿಂತ ದೊಡ್ಡವನು, ಎನ್ನಿಸುತ್ತಾನೆ. ಮಾರ್ಕನಲ್ಲಿ ಯಾರೋ, ಒಳ್ಳೆಯ ಗುರುವೇ, ಎಂದು ಕರೆದರೆ, ನನ್ನನ್ನೇಕೆ ಒಳ್ಳೆಯವನು ಎನ್ನುತ್ತೀ, ಒಳ್ಳೆಯವನು ದೇವರೊಬ್ಬನೇ, ಎನ್ನುತ್ತಾನೆ. ಇದೇ ಮಾತನ್ನು ಎರಡು ನಮೂನೆ ಓದಬಹುದು ಎಂದು ಅವಳಿಗೆ ಪಾತ್ರೆ ತೊಳೆಯುವಾಗ ಹೊಳೆದಿತ್ತು: ನಾನು ಅವನಲ್ಲ ಅಂತಲೋ, ನೀನು ಏನು ಹೇಳಿದಿ ಅಂತ ನಿನಗೇ ಗೊತ್ತೇ ಅಂತಲೋ. ಹೇಳುವಾಗ ಅವನ ಮುಖ ಹೇಗಿತ್ತು ಎಂದು ಬರೆದಿದ್ದರೆ ತಿಳಿಯುತ್ತಿತ್ತು. ಬರೆದಿಲ್ಲ.

ರಾಣೇಬೆನ್ನೂರಿನ ಆ ಓಣಿಗೆ ಅವಳು ಬಂದದ್ದು ಇದೇ ಮೊದಲು. ತೆರೆದ ಬಾಗಿಲು, ಒಳಗೆ ಹೊಲಿಗೆ ಯಂತ್ರದ ಸದ್ದು. ಎಸ್ತೇರವ್ವ ಯಂತ್ರ ಬಿಟ್ಟು ಎದ್ದು ಬಂದಳು. ಭುವನಾಳಿಗೆ ಏನು ಹೇಳಬೇಕೆಂದು ತೋಚದೆ, ಯಾವ ಹಿರಿಯರ ಮುಂದೆಯೂ ಮಾಡುವ ಹಾಗೆ, ಬಗ್ಗಿ ಕಾಲು ಮುಟ್ಟಲು ಹೋದಳು. ಎಸ್ತೇರವ್ವ ಕೆಂಡ ಮೆಟ್ಟಿದವಳಂತೆ ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡಳು. ಹಿಂದಿದ್ದ ಸ್ಟೂಲು ಉರುಳಿತು. "ಏಳವಾ, ಏಳು. ನಮ್ಮೊಳಗ ಮನಷ್ಯಾರ ಕಾಲಿಗೆ ಬೀಳಂಗಿಲ್ಲ. ನಾನೂ ನಿನ್ನಂಥಾಕೀನ," ಎಂದಳು. ಭುವನಾಳ ಕೈ ಬರಿ ನೆಲದ ಮೇಲೆ ಉಳಿಯಿತು, ಬಟ್ಟೆಯ ಚೂರುಗಳ ನಡುವೆ. ಮತ್ತೊಂದು ತಪ್ಪು. ಕಿವಿಯವರೆಗೆ ಬಿಸಿಯಾಯಿತು. ಆದರೆ ಆ ಬಿಸಿಯೊಳಗೇ ತಲೆಯ ಇನ್ನೊಂದು ಮೂಲೆ ಎಚ್ಚರಗೊಂಡು, ಈ ಮಾತನ್ನು ನಾನು ಎಲ್ಲಿಯೋ ಓದೇನಿ, ಎಂದು ಪುಟ ತಿರುವತೊಡಗಿತು. ಬಗ್ಗಿದವಳು ಎದ್ದು ನಿಲ್ಲುವುದನ್ನು ಮರೆತಳು. "ಯಾಕವಾ, ಸೊಂಟ ಹಿಡೀತೇನು?" ಎಂದಳು ಎಸ್ತೇರವ್ವ.

ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಗಡಿಯಾರ. ಶೆಲ್ಫಿನಲ್ಲಿ ಸುನಿತಾಳ ಅಪ್ಪ ದಾನಿಯೇಲಪ್ಪನ ಫೋಟೊ, ಹಾರವಿಲ್ಲದೆ, ಅವರ ಚಸ್ಮದ ಪಕ್ಕ, ಈಗಷ್ಟೇ ಅಂಗಡಿಗೆ ಹೋದವರ ಹಾಗೆ. ಯೇಸುವಿನ ಪಟ ಎಲ್ಲಿಯೂ ಇರಲಿಲ್ಲ. "ನೀವು ಎಲ್ಲಿ ಇಡತೀರಿ ಅತ್ತಿ, ಅವನ್ನ?" ಎಂದು ಕೇಳಿಯೇಬಿಟ್ಟಳು. "ಪಟಾನ? ನಮ್ಮೊಳಗ ಪಟಕ್ಕ ಕೈ ಮುಗಿಯಂಗಿಲ್ಲವಾ. ಅದು ಸುನಿತಾಗ ಸಂಡೇಸ್ಕೂಲಿನ್ಯಾಗ ಬಂದ ಬಹುಮಾನ. ಅಲ್ಲಿ ಅವರಪ್ಪನ ಪಾಠಾ ಹೇಳತಿದ್ರು, ಅವರ ಕೈಯಾಗಿಂದನ ಇಸಗೊಂಡಾಳ." ಎಸ್ತೇರವ್ವ ಹೊಲಿದ ಜಂಪರುಗಳನ್ನು ಚೀಲಕ್ಕೆ ತುಂಬುತ್ತ, "ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಮನೀಗೆ ಬಂದ ಬಿದ್ದ ಬಿದ್ದ ನಕ್ಕೇನಿ. ಅಕಿ ಯಾಕ ಹಿಂಗ ಕುಂತಾಳೋ ನನಗೂ ಹೇಳವಲ್ಲಳು. ಹಿತ್ತಲದಾಗ ಅದಾಳ, ಹೋಗು," ಎಂದು ಗಿರಾಕಿಗಳ ಮನೆಗೆ ಹೊರಟಳು.

ಸುನಿತಾ ಹಿತ್ತಲ ಮೆಟ್ಟಿಲ ಮೇಲೆ ಮೆಂತ್ಯೆಸೊಪ್ಪು ಸೋಸುತ್ತ ಕುಂತಿದ್ದಳು. ತಿರುಗಿ ನೋಡದೆ, "ಬೀಗರ ಮನೀಗೆ ಬರೂಮುಂದ ಒಂದ ಫೋನ್ ಮಾಡಿ ಬರಬೇಕು ಅನ್ನೂ ರೀತಿ ನಿಮ್ಮೂರಾಗ ಇಲ್ಲೇನು?" ಎಂದಳು.

"ಮಾಡಿದ್ರ ನೀ ಎತ್ತತಿದ್ದೇನು?"

"ಇಲ್ಲ."

"ಮತ್ತ."

ಭುವನಾ ಪಕ್ಕ ಕುಂತು ತಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡಳು. "ನಿಮ್ಮಣ್ಣ ಹೆಂಗದಾರ?" ಎಂದಳು ಸುನಿತಾ. "ಕೋಲ್ಡ್ ಸ್ಟೋರೇಜಿನ ಚೀಲದ ಹಂಗ. ಇಟ್ಟಲ್ಲೆ ಇರತಾನ," ಎಂದಳು ಭುವನಾ. ಕೊಟ್ರೇಶ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರು. ಸುನಿತಾ ನಕ್ಕಳು, ನಗು ಬಂದದ್ದಕ್ಕೆ ತನ್ನ ಮೇಲೆಯೇ ಬೇಸರಪಟ್ಟವಳಂತೆ ಕಡ್ಡಿಗಳನ್ನು ಎತ್ತಿ ದೂರ ಒಗೆದಳು.

"ವೈನಿ, ನಾ ಹಾರ ಹಾಕಿದ್ದು..."

"ಅದನ್ನ ಬಿಡು. ನಿನ್ನ ತಪ್ಪಲ್ಲ." ಸುನಿತಾಳ ಬೆರಳು ಎಲೆ ಕೀಳುತ್ತಲೇ ಇತ್ತು. "ಅಪ್ಪನ್ನ ದವಾಖಾನಿಯೊಳಗ ಒಯ್ದಿದ್ರಲ್ಲ, ಕೊರೊನಾದಾಗ. ನಮ್ಮನ್ನ ಗೇಟಿನ ಹೊರಗ ನಿಂದ್ರಿಸಿದ್ರು. ಅಲ್ಲೇ ಒಂದ ಬೇವಿನಗಿಡಾ ಇತ್ತು. ಅದರ ಬುಡಕ ಕುಂತ ಬೇಡಿಕೊಂಡೆ. ಅಪ್ಪ ಕಲಿಸಿದ್ದಂಗ. ಇಂಥಾದ್ದ ಬೇಡಬಾರದು, ಅಂಥಾದ್ದ ಬೇಡಬೇಕು ಅಂತೆಲ್ಲಾ ಅಪ್ಪ ಹೇಳಿದ್ದು ನೆನಪಿತ್ತು. ಹಂಗ ಬೇಡಿದೆ. ಆಮ್ಯಾಲ ಹೆಂಗ ಬೇಕ ಹಂಗ ಬೇಡಿದೆ. ಅಪ್ಪ ಹೋದ. ಅವತ್ತಿನಿಂದ ಆ ಕಡಿಯಿಂದ ಸದ್ದಿಲ್ಲ, ಭುವನಾ. ಚರ್ಚಿಗೆ ಹೊಕ್ಕೇನಿ, ಹಾಡತೇನಿ, ಎಲ್ಲಾ ಮಾಡತೇನಿ. ಅವ್ವಗ ಗೊತ್ತಿಲ್ಲ. ಪಟಾ ಸೀರ್ಯಾಗ ಸುತ್ತಿ ಇಟ್ಟಿದ್ದು ನಿಮಗ ಅಂಜಿ ಅಲ್ಲ." ಅವಳು ಮತ್ತೊಂದು ಹಿಡಿ ಸೊಪ್ಪು ಎತ್ತಿಕೊಂಡಳು. "ನೀ ಆ ಹಾರ ಹಾಕಿದ್ದ ನೋಡಿದ ಕೂಡ್ಲೆ, ಹೌದಲ್ಲ, ಸತ್ತ ಹೋಗ್ಯಾನ, ಅನಿಸಿಬಿಡ್ತು. ಈ ಹುಡುಗಿಗೆ ಹೆಂಗ ಗೊತ್ತಾತು ಅಂತ ಅಂಜಿಕಿ ಬಂತು. ನಿನ್ನ ಮಾರಿ ನೋಡಾಕ ಆಗಲಿಲ್ಲ ನನಗ."

ಭುವನಾ ಚೀಲದಿಂದ ಪುಸ್ತಕ ತೆಗೆದಳು. ಸುನಿತಾ ಒದ್ದೆ ಕೈಯಲ್ಲಿ ಮುಟ್ಟಲಿಲ್ಲ. "ಓದೀಯೇನು ನೀ?" ಎಂದಳು. "ಓದಾಕತ್ತೇನಿ." "ಹಂಗಾದ್ರ ನನಗೊಂದ ಹೇಳು. ನಾ ಹುಟ್ಟಿದಾಗಿಂದ ಕೇಳಿದಾಕಿ, ನನಗ ಅದು ಕಿವಿಗೆ ಬೀಳಂಗಿಲ್ಲ ಈಗ. ನೀ ಹೊಸದಾಗಿ ಓದೀದಿ. ಅದರಾಗ ಅವ ದೇವರ ಅದಾನೋ? ಇಲ್ಲಾ ನಮ್ಮಪ್ಪನ್ಹಂಗ ಒಬ್ಬ ಛಲೋ ಮನಷ್ಯಾನೋ? ಛಲೋ ಮನಷ್ಯಾ ಆದ್ರ ಸುಮ್ಮನಿರಲಿ, ನನಗೇನೂ ಸಿಟ್ಟಿಲ್ಲ, ಸತ್ತವರು ಮಾತಾಡಂಗಿಲ್ಲ. ನಾ ಮನೀಗೆ ಬರಬೇಕಂತ ಹೇಳಿ ಸುಳ್ಳ ಹೇಳಬ್ಯಾಡ ಮತ್ತ."

ಸುಳ್ಳು ಎಷ್ಟು ಸಮೀಪದಲ್ಲಿತ್ತು. ದೇವರೇ ಅದಾನ, ಸ್ವಚ್ಛ ಬರದೈತಿ, ಎಂದರೆ ವೈನಿ ಎದ್ದು ಸೀರೆ ಬದಲಿಸುತ್ತಾಳೆ. ಅಜ್ಜಿಗೆ ಜಗಲಿ, ಅಣ್ಣನಿಗೆ ಅವನ ದನಿ, ಸಂಜೆಯ ಬಸ್ಸಿಗೆ ಇಬ್ಬರೂ. ಭುವನಾ ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ.

"ಈಗ ನಿಮ್ಮವ್ವ ಕಾಲ ಹಿಂದ ತಗದ್ರು, ವೈನಿ. ಅದ ಪುಸ್ತಕದಾಗ ಐತಿ. ಶಿಷ್ಯ ಪೇತ್ರನ ಕಾಲಿಗೆ ಒಬ್ಬ ಸಿಪಾಯಿಗಳ ಸಾಹೇಬ ಬೀಳತಾನ. ಪೇತ್ರ ಅವನ್ನ ಎಬ್ಬಿಸಿ, ಏಳಪಾ, ನಾನೂ ಮನಷ್ಯಾನ, ಅಂತಾನ. ಮತ್ತೊಂದ ಊರಾಗ ಪೌಲ ಅನ್ನಾವನ್ನ ದೇವರಂತ ತಿಳದ ಎತ್ತು, ಹೂವಿನ ಹಾರಾ ತರತಾರ. ಅವ ಮೈಮ್ಯಾಲಿನ ಅರಬಿ ಹರಕೊಂಡ ಗದ್ದಲದಾಗ ಓಡತಾನ, ಬ್ಯಾಡ್ರಪಾ, ನಾವೂ ನಿಮ್ಮಂಥವರ, ಅಂತ. ಕಡೀಗೆ ದೇವದೂತನ ಕಾಲಿಗೆ ಬಿದ್ರೂ ಅವನೂ ಬ್ಯಾಡ ಅಂತಾನ. ಎಲ್ಲಾರೂ ಕಾಲ ಹಿಂದ ತಗೀತಾರ. ಯೇಸುಂದ ಒಬ್ಬಂದ ಇಲ್ಲ. ಕುಷ್ಠರೋಗಿ ಬೀಳತಾನ, ದೋಣಿಯೊಳಗಿನವರು ಬೀಳತಾರ, ಹೆಂಗಸರು ಕಾಲ ಹಿಡಕೋತಾರ. ತೋಮ ಅನ್ನಾವ ಮಾರೀಗೆ ಮಾರಿ ನಿಂತು, ನನ್ನ ದೇವರು, ಅಂತಾನ. ಇವ ಬ್ಯಾಡ ಅನ್ನಂಗಿಲ್ಲ. ಏಳು ಅನ್ನಂಗಿಲ್ಲ. ಒಮ್ಮಿನೂ ಕಾಲ ಹಿಂದ ತಗಿಯಂಗಿಲ್ಲ."

ಸುನಿತಾ ಕೇಳುತ್ತಿದ್ದವಳು ಕಡ್ಡಿಯೊಂದನ್ನು ಕಚ್ಚಿ, "ನಮ್ಮ ಎಮ್ಮೆಲ್ಲೆನೂ ತಗಿಯಂಗಿಲ್ಲ," ಎಂದಳು.

ಇಬ್ಬರೂ ನಕ್ಕರು; ಭುವನಾಳಿಗೆ ನಗುತ್ತಲೇ ತನ್ನ ವಾದ ಕುಸಿದದ್ದು ಕಾಣಿಸಿತು. ನಿಜ, ಮಠದ ಗಾದಿಯ ಮೇಲೆ ಕುಂತವರೂ ತೆಗೆಯುವುದಿಲ್ಲ. ಕಾಲು ಚಾಚಿ ಕುಂತವರೆಲ್ಲ ದೇವರಾದರೆ ಜಗಲಿಯಲ್ಲಿ ಜಾಗ ಸಾಲದು. ಆದರೆ ಮನಸ್ಸು ಬಿಡಲಿಲ್ಲ, ಮುಂದಕ್ಕೆ ಹೋಯಿತು. "ಆದ್ರ ಅವರ್ಯಾರೂ ಮಂದಿ ಕಾಲ ತೊಳಿಯಂಗಿಲ್ಲಲ್ಲ ವೈನಿ. ಇವ ಸೊಂಟಕ್ಕ ಟಾವೆಲ್ ಕಟಗೊಂಡ, ಬೋಗಾಣಿಯೊಳಗ ನೀರ ಹಾಕ್ಕೊಂಡ ಶಿಷ್ಯರ ಕಾಲ ತೊಳೀತಾನ. ಪೇತ್ರ ಅಲ್ಲೂ ಕಾಲ ಹಿಂದ ತಗೀತಾನ. ಇವ, ತೊಳಸಿಗೊಳ್ಳಲಿಲ್ಲಂದ್ರ ನಿನಗೂ ನನಗೂ ಸಂಬಂಧ ಇಲ್ಲ, ಅಂತಾನ. ಇದು ಮನಷ್ಯಾರ ರೀತಿನೂ ಅಲ್ಲ. ನಮ್ಮಜ್ಜಿ ಕಥಿಯೊಳಗಿನ ದೇವರ ರೀತಿನೂ ಅಲ್ಲ. ನನಗ ಹೆಂಗ ಹೇಳಬೇಕೋ ತಿಳಿವಲ್ದು. ಬರದವರಿಗೆ ಇವ ಬರೇ ಮನಷ್ಯಾ ಅನಿಸಿಲ್ಲ, ಅಷ್ಟ ಖರೆ. ದೇವರು ಅಂತ ಹೇಳಾಕ ಹೋಗ್ಯಾರ. ಆದ್ರ ಹೋದಲ್ಲೆಲ್ಲಾ ಬೆವರು, ನಿದ್ದಿ, ಅಳು ಅಡ್ಡ ಬಂದಾವ. ಅವನ್ನ ಮುಚ್ಚಿಡಬಹುದಿತ್ತು. ಮುಚ್ಚಿಟ್ಟಿಲ್ಲ."

ಅವಳು ಸುಮ್ಮನಾಗಬೇಕಿತ್ತು. ಇನ್ನೊಂದಿತ್ತು, ಹೇಳಿದರೆ ವೈನಿಗೆ ನೋವಾಗುವಂಥದ್ದು. ಆದರೆ ಸುಳ್ಳು ಬೇಡ ಎಂದಮೇಲೆ ಅರ್ಧ ಖರೆಯೂ ಬೇಡ. "ಆ ಅವಸರದಾವ, ಮಾರ್ಕ. ಅವನ ಕಥಿಯೊಳಗ ಶಿಲುಬಿ ಮ್ಯಾಲ ಇವ ಸಾಯೂ ಮುಂದ ಒಂದ ಮಾತ ಕೂಗತಾನ. ನನ್ನ ದೇವರೇ, ಯಾಕ ನನ್ನ ಕೈಬಿಟ್ಟಿ, ಅಂತ. ಉತ್ತರ ಇಲ್ಲ ವೈನಿ. ನಾ ಮುಂದಿನ ಪುಟ, ಅದರ ಮುಂದಿನ ಪುಟ ನೋಡಿದೆ. ಉತ್ತರ ಬರಂಗಿಲ್ಲ. ದೇವರಾದ್ರ ಹಂಗ ಯಾರನ್ನ ಕೇಳಿದ? ಅವತ್ತ ಅಲ್ಲಿಗೆ ನಾ ಪುಸ್ತಕ ಮುಚ್ಚಿಟ್ಟೆ."

ಸುನಿತಾಳ ಕೈ ನಿಂತಿತು. ಓಣಿಯಲ್ಲಿ ಯಾರೋ ಕೊಡ ಇಳಿಸಿದ ಸದ್ದು. "ಯಾಕ ಕೈಬಿಟ್ಟಿ ಅಂದ," ಎಂದಳು, ಗುಡ್ ಫ್ರೈಡೇ ದಿನ ವರ್ಷ ವರ್ಷ ಕೇಳಿದ್ದನ್ನು ಇವತ್ತು ಬೇರೆ ಯಾರದೋ ಮನೆಯ ಸುದ್ದಿಯಂತೆ. "ಅವನಿಗೂ ಸದ್ದ ಬರಲಿಲ್ಲ." ದವಾಖಾನೆಯ ಆ ಬೇವಿನಗಿಡದ ಬುಡವನ್ನು ಅವಳು ನೋಡುತ್ತಿರಬೇಕು ಎಂದು ಭುವನಾಳಿಗೆ ಅನಿಸಿತು, ಕೇಳಲಿಲ್ಲ. ಸುನಿತಾ ಸೋಸಿದ ಸೊಪ್ಪನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿದಳು. "ಇದನ್ನ ಅಲ್ಲೇ ಪಲ್ಲೆ ಮಾಡೂನು. ಆದ್ರ ನಿಮ್ಮಜ್ಜಿ ಮುಂದ ನಾ ನಾಟಕ ಮಾಡಾಕಿ ಅಲ್ಲ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತೀನಿ. ಅದಕ್ಕ ಅವರು ಹೊರಗ ಹೋಗು ಅಂದ್ರ, ನಾ ತಿರುಗಿ ಇಲ್ಲಿಗೆ ಬರಾಕಿ," ಎಂದಳು.

ಅವರು ಬ್ಯಾಡಗಿ ಮುಟ್ಟಿದಾಗ ಹೊತ್ತು ಇಳಿದಿತ್ತು. ನಡುಮನೆಯಲ್ಲಿ ಸುಣ್ಣದ ಹಸಿ ವಾಸನೆ. ಗೋಡೆಯ ಮೇಲೆ ಅಜ್ಜ ಆಗಲೇ ತನ್ನ ಮೊಳೆಗೆ ವಾಪಸಾಗಿದ್ದ. ಜಗಲಿಯಲ್ಲಿ ದೇವರೆಲ್ಲ ಒತ್ತೊತ್ತಾಗಿ ಕುಂತಿದ್ದರು. ಮಂಚದ ಮೇಲೆ ದಿಂಬಿಗೆ ಆನಿಸಿ ಆ ಪಟವೊಂದೇ ಇತ್ತು. ಅಜ್ಜಿ ಬತ್ತಿ ಹೊಸೆಯುತ್ತಿದ್ದವಳು ಸುನಿತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸೊರಗೀದಿ," ಎಂದಳು. ಆಮೇಲೆ ಮೊಮ್ಮಗಳಿಗೆ, "ಏನ ತೀರ್ಮಾನ ಆತು? ಜಗಲಿಯೋ ಗ್ವಾಡಿಯೋ?"

"ಗೊತ್ತಾಗಲಿಲ್ಲಜ್ಜಿ."

"ಇಷ್ಟ ಓದಿ?"

"ಇಷ್ಟ ಓದಿದ್ದಕ್ಕ."

ಅಜ್ಜಿ ಸುನಿತಾಳ ಕಡೆ ತಿರುಗಿದಳು. "ನಿನಗವಾ? ನಿನ್ನ ದೇವರು."

"ನನಗೂ ಗೊತ್ತಿಲ್ರಿ ಅಮ್ಮಾ. ಮೊದಲ ಗೊತ್ತಿತ್ತು," ಎಂದಳು ಸುನಿತಾ. ಸೊಪ್ಪಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಹೊಸಿಲ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟು ನಿಂತಿದ್ದಳು.

ಭುವನಾ ಅಜ್ಜಿಯ ಮುಖ ನೋಡಲಾರದೆ ಬತ್ತಿ ನೋಡಿದಳು. ಅಜ್ಜಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿದಳು. "ಮೊದಲ ಗೊತ್ತಿತ್ತು ಅಂದ್ರ ನಿನ್ನ ಕಡೆ ಕಥಿ ಇರಬೇಕಲ್ಲ. ಈಕಿ ವಾರದಿಂದ ಓದಿ ಹೇಳಾಕತ್ತಾಳ, ಅದಕ್ಕ ಉಪ್ಪಿಲ್ಲ ಖಾರಿಲ್ಲ. ನೀ ಹೇಳು. ಯಾರು ಎಂಥಾವ ಅಂತ ಕೇಳದನ ನಾ ಯಾರನ್ನ ಎಲ್ಲಿ ಕುಂದ್ರಸಲಿ? ಒಳಗ ಬಾ ಮೊದಲ, ದೀಪಾ ಹಚ್ಚೂ ಹೊತ್ತಿನ್ಯಾಗ ಬಾಗಲದಾಗ ನಿಂದ್ರಬಾರದು."

ದೀಪ ಹತ್ತಿತು. ಕೊಟ್ರೇಶ ಕೆಲಸದಿಂದ ಬಂದವನು ಹೆಂಡತಿಯನ್ನು ನೋಡಿ ಬೂಟು ಬಿಚ್ಚುವುದನ್ನು ಮರೆತು ನಿಂತ, ಆಮೇಲೆ ಬಿಚ್ಚಿದ. ಕುಂದ್ರಲು ಮಂಚಕ್ಕೆ ಹೋದ. ಪಟವನ್ನು ಸರಿಸಲು ಕೈ ಚಾಚಿ, ಸರಿಸದೆ, ತಾನೇ ಮಂಚದ ತುದಿಗೆ ಸರಿದು ಕುಂತ. ಸುನಿತಾ ಚಾಪೆಯ ಮೇಲೆ ಅಜ್ಜಿಯ ಎದುರಿಗೆ ಕುಂತಳು. ಭುವನಾ ಹತ್ತಿರ ಸರಿದಳು. ಈಗ ತಿಳಿಯುತ್ತದೆ. ಗ್ವಾದಲಿಯ ಕೂಸಿನಿಂದ ಶುರು ಮಾಡುತ್ತಾಳೋ, ಭೂಮಿ ಆಕಾಶ ಹುಟ್ಟುವುದಕ್ಕೆ ಮೊದಲಿನಿಂದಲೋ. ಎಲ್ಲಿಂದ ಶುರು ಮಾಡುತ್ತಾಳೋ ಅಲ್ಲಿಯೇ ಅವಳ ಉತ್ತರ.

"ಒಂದೂರಾಗ ಒಬ್ಬ ಹುಟ್ಟ ಕುರುಡ ಇದ್ನಂತ," ಎಂದಳು ಸುನಿತಾ.

"ಹೂಂ," ಎಂದಳು ಅಜ್ಜಿ.

"ದಾರಿಯಾಗ ಕುಂತ ಭಿಕ್ಷಾ ಬೇಡತಿದ್ನಂತ. ಇವ ಬಂದ, ಉಗುಳಿನ್ಯಾಗ ಮಣ್ಣ ಕಲಸಿ ಅವನ ಕಣ್ಣಿಗೆ ಮೆತ್ತಿದ. ಹೋಗಿ ತೊಳಕೋ ಅಂದ. ತೊಳಕೊಂಡ್ರ ಕಣ್ಣ ಬಂದಿದ್ವು. ಊರ ಹಿರಿಯಾರು ಅವನ್ನ ಹಿಡದ ನಿಂದ್ರಿಸಿ ಕೇಳಿದ್ರು, ನಿನ್ನ ಕಣ್ಣ ತೆರದಾವ ಎಂಥಾವ, ಛಲೋ ಮನಷ್ಯಾನೋ ಕೆಟ್ಟಾವನೋ, ಹೇಳು ಅಂತ."

"ಏನಂದ?"

"ನನಗ ಗೊತ್ತಿಲ್ಲ ಅಂದ. ಕುರುಡ ಇದ್ದೆ, ಈಗ ಕಾಣತೈತಿ, ಇಷ್ಟ ಗೊತ್ತು ಅಂದ. ಮತ್ತ ಕೇಳಿದ್ರು. ಅವ ಬಗ್ಗಲಿಲ್ಲ. ಸಿಟ್ಟ ಬಂದ ಅವನ್ನ ಹೊರಗ ಹಾಕಿದ್ರು."

"ಅಯ್ಯ. ಖರೆ ಹೇಳಿದ್ದಕ್ಕ?"

"ಹೂಂರಿ. ಹೊರಗ ಹಾಕಿದ್ದು ಇವನ ಕಿವಿಗೆ ಬಿತ್ತು." ಸುನಿತಾ ಇಲ್ಲಿ ತಡೆದಳು. ಬಾಯಿಪಾಠವಿದ್ದ ಕಥೆ; ಮುಂದಿನ ಸಾಲು ನಾಲಿಗೆಯ ತುದಿಯಲ್ಲಿಯೇ ಇದ್ದಿರಬೇಕು. ಆದರೂ ಅವಳು ಅದನ್ನು ಈಗಷ್ಟೇ ಕಂಡವಳಂತೆ ಬಾಯಿ ತೆರೆದು, ಮುಚ್ಚಿ, ಗಂಡನ ಕಡೆ ನೋಡಿ, ನೆಲ ನೋಡಿ, "ಕಿವಿಗೆ ಬಿದ್ದ ಕೂಡ್ಲೆ," ಎಂದಳು, "ಇವ ಅವನ್ನ ಹುಡುಕ್ಕೊಂತ ಬಂದ್ನಂತ."

ಸುನಿತಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಜ್ಜಿ ಅವಸರ ಮಾಡಲಿಲ್ಲ. ಕಾಲು ಮಡಚಿ, ಮಂಡಿಯ ಮೇಲೆ ಕೈಯಿಟ್ಟು, ಕಥೆ ಎಷ್ಟು ಹೊತ್ತು ನಿಂತರೂ ಕಾಯುವವಳಂತೆ ಕುಂತಳು.

"ಹೂಂ," ಎಂದಳು ಆಮೇಲೆ. "ಬಂದ. ಮುಂದ?"